ರತ್ನಾ ಕಾಕುಗೆ ಮೆತ್ತಗಿನ ತೋಟಾ

‘ಒಂದ ಸಲ ಹ್ಯಾಂಡಲ್ ಎಳದ್ರ ಒಂದ ತೋಟಾ ರೆಡಿ ಆಗಿ ಡಬ್ಬಿಗೆ ಬೀಳ್ತೈತಿ, ಟಣ್ ಅಂತ. ನೀ ಹೇಳೂ ಆ ಸಣ್ಣ ಪ್ರೆಸ್ಸಿನ್ಯಾಗ ಒಂದ ತೋಟಾಕ್ಕ ನಾಕ ಸಲ ಎಳೀಬೇಕು. ನಾಕ ಸಲ! ತಿಳೀತಿಲ್ಲೋ?’

‘ತಿಳೀತ್ರೀ. ನಾಕ ಸಲ ಎಳೀತೀನಿ. ನನಗೇನ ಟ್ಯೂಬ್ ಟ್ರೇನ್ ತಪ್ಪತೈತೇನು?’

‘ತಗೊಳ್ಳೂದು ತಗೊಳ್ತೀವಿ, ದೊಡ್ಡದ ತಗೊಂಡ ಬಿಡೂಣು. ಒಮ್ಮೆ ತಗೊಂಡ್ರ ಮುಗೀತು.’

‘ಹಿಂಗಂದ ಹಿಟ್ಟ ನಾದೂ ಮಷೀನ್ ತಂದಿದ್ರಿ, ಮದವಿ ಮನಿಗೆ ಸಾಲೂವಷ್ಟು ದೊಡ್ಡದು. ಮನ್ಯಾಗ ಇದ್ದವರು ಮೂರ ಮಂದಿ. ಈಗ ಅದರ ಮ್ಯಾಲ ಮನಿಪ್ಲಾಂಟ್ ಕುಂತೈತಿ.’

ನಾನು ಜೋಳದ ರೊಟ್ಟಿ ಬಾಯಲ್ಲಿಟ್ಕೊಂಡು ಒಂದ್ಸಲ ಕಾಕು ಕಡೆ, ಒಂದ್ಸಲ ಕಾಕಾ ಕಡೆ ಕತ್ತು ತಿರುಗಿಸ್ತಾ ಇದ್ದೆ, ಸೀರಿಯಸ್ಲಿ, ಟೆನಿಸ್ ಮ್ಯಾಚ್ ನೋಡೋರ ಥರ. ಲಂಡನ್ನಿನ ಹ್ಯಾರೋದಲ್ಲಿ ನಮ್ಮದು, ಅವರದು ಗೋಡೆಗೆ ಗೋಡೆ ಅಂಟಿದ ಮನೆ. ಅವರು ವಿಜಯಪುರದವರು, ರತ್ನಾಬಾಯಿ ಮತ್ತೆ ಜಗದೇವಪ್ಪ. ನಾವು ಕುಂದಾಪುರದವರು. ಚಿಕ್ಕವಳಿದ್ದಾಗ ನಾನು ಆಂಟಿ ಅಂದಿದ್ದಕ್ಕೆ ‘ಆಂಟಿ ಅನಬ್ಯಾಡ, ಅಂಗಡಿಯವರ ಅಂದಂಗ ಆಗ್ತೈತಿ, ಕಾಕು ಅನ್ನು’ ಅಂದ್ರು, ಆವತ್ತಿಂದ ಅವರು ಕಾಕು, ಅವರ ಗಂಡ ಕಾಕಾ. ಶನಿವಾರ ಕಾಲೇಜ್ ಇಲ್ಲ ಅಂದ್ರೆ ನಾನು ಅವರ ಅಡುಗೆಮನೇಲೇ ಇರ್ತೀನಿ, ಶೇಂಗಾ ಚಟ್ನಿಗೋಸ್ಕರ ಅಂತ ನಮ್ಮಮ್ಮ ಅಂತಾರೆ, ಅದು ಅರ್ಧ ಸತ್ಯ ಅಷ್ಟೆ. ಇನ್ನರ್ಧ ಈ ಜಗಳ ಕೇಳೋಕೆ.

ಈಗ ನೀವು ಕೇಳ್ತೀರ, ಹ್ಯಾರೋದಲ್ಲಿ ಸೀರೆ ಮೇಲೆ ಕಾರ್ಡಿಗನ್ ಹಾಕ್ಕೊಂಡು ಓಡಾಡೋ ಕಾಕುಗೆ ತೋಟಾ ಮಾಡೋ ಮಷೀನ್ ಯಾಕೆ ಅಂತ. ನಾನೂ ಕೇಳಿದ್ದೆ! ತೋಟಾ ಅಂದ್ರೆ ರೈಫಲ್‌ಗೆ ಹಾಕೋ ಕಾರ್ಟ್ರಿಡ್ಜ್, ಕಾಕು ಹತ್ರ ರೈಫಲ್ ಇದೆ. ಲೈಸೆನ್ಸ್ ಇರೋ ರೈಫಲ್, ಗೋಡೆಗೆ ಬೋಲ್ಟ್ ಹಾಕಿರೋ ಕಬ್ಬಿಣದ ಬೀರುವಿನಲ್ಲಿ. ಇಷ್ಟು ವರ್ಷ ಗೋಡೆ ಆಚೆ ಇದ್ದು ನಂಗೆ ಗೊತ್ತಾಗಿದ್ದು ಹೋದ ವರ್ಷ, ಆವತ್ತು ನನ್ನ ಮುಖ ನೋಡ್ಬೇಕಿತ್ತು ನೀವು.

ಕಾಕು ಕೆಲಸ ಮಾಡಿದ್ದು ಒಂದು ಡ್ರೈ ಕ್ಲೀನರ್ಸ್ ಅಂಗಡಿ ಹಿಂದಿನ ರೂಮಲ್ಲಿ, ಪ್ಯಾಂಟ್ ಗಿಡ್ಡ ಮಾಡೋದು, ಜಿಪ್ ಬದಲಾಯಿಸೋದು, ಹ್ಯಾರೋದ ಅರ್ಧ ಊರಿನ ಬ್ಲೌಸ್ ಹೊಲಿಯೋದು. ಕಾಕಾ ಗ್ರೀನ್‌ಫರ್ಡ್‌ನ ಗೋಡೌನಲ್ಲಿ ಫೋರ್ಕ್‌ಲಿಫ್ಟ್ ಓಡಿಸ್ತಿದ್ರು. ಮಗಳು ಅಂಕಿತಾ ಸ್ಕೂಲಲ್ಲಿದ್ದಾಗ ಎನ್‌ಸಿಸಿ ಥರದ ಕೆಡೆಟ್ ಸೇರಿ ಗುರಿ ಹೊಡೆಯೋ ಕ್ಲಬ್‌ಗೆ ಹೋಗ್ತಿದ್ಲು, ಕಾಕು ಹೊರಗೆ ಬೆಂಚ್ ಮೇಲೆ ಕೂತು ಕಾಯ್ತಿದ್ರು. ಡಿಸೆಂಬರಲ್ಲಿ! ಕ್ಲಬ್ಬಿನ ಕಾಲಿನ್ ಅನ್ನೋರು ಬಾಗಿಲು ತೆಗೆದು, ಒಳಗೆ ಬನ್ನಿ, ಸುಮ್ನೆ ಒಂದು ಸಲ ಹೊಡೆದು ನೋಡಿ ಅಂದ್ರಂತೆ. ‘ಹೊಡ್ಯಾಕ ಹೋಗಲಿಲ್ಲವಾ ನಾ, ಹೀಟರ್ ಇತ್ತಂತ ಹೋದೆ’ ಅಂತಾರೆ ಕಾಕು. ಅಂಕಿತಾ ಮುಂದಿನ ಟರ್ಮಿಗೇ ಬೋರ್ ಆಯ್ತು ಅಂತ ಬಿಟ್ಟಳು, ಈಗ ಕ್ಯಾನರಿ ವಾರ್ಫ್‌ನಲ್ಲಿ ಬ್ಯಾಂಕ್ ಕೆಲಸ. ಕಾಕು ಬಿಡಲೇ ಇಲ್ಲ. ಮನೆ, ಅಂಗಡಿ, ಮನೆ, ಅಂಗಡಿ, ವಾರಕ್ಕೊಮ್ಮೆ ಕ್ಲಬ್. ‘ಅಲ್ಲಿ ಕಿವಿಗೆ ಮುಚ್ಚಗಿ ಹಾಕೋಬೇಕು ಕಡ್ಡಾಯ. ಯಾರ ಮಾತೂ ಕೇಳ್ಸೂದಿಲ್ಲ. ಅಂಥಾ ಜಾಗಾ ಮತ್ತೆಲ್ಲಿ ಸಿಗತೈತಿ ಹೇಳು’ ಅಂತ ಕಾಕಾನ ಕಡೆ ನೋಡ್ತಾರೆ.

ಆದ್ರೆ ಹೋದ ಚಳಿಗಾಲ ಬಲಗಡೆ ಭುಜ ಹಿಡ್ಕೊಂಡ್ಬಿಡ್ತು. ಫ್ರೋಜನ್ ಶೋಲ್ಡರ್ ಅಂದ್ರು ಜಿಪಿ ಡಾಕ್ಟರ್. ಬ್ಲೌಸ್ ಹುಕ್ ಹಾಕೋಕೂ ಆಗ್ತಿರ್ಲಿಲ್ಲ, ಎಷ್ಟೋ ದಿನ ಬೆಳಗ್ಗೆ ನಾನೇ ಹೋಗಿ ಹಾಕಿದ್ದೀನಿ. ಈಗ ಪರವಾಗಿಲ್ಲ, ಆದ್ರೆ ಅಂಗಡೀಲಿ ಸಿಗೋ ತೋಟಾ ಹಾಕಿ ಹೊಡೆದ್ರೆ ರೈಫಲ್ ಭುಜಕ್ಕೆ ಗುದ್ದುತ್ತೆ, ಎರಡು ದಿನ ಕೈ ಮೇಲೇಳಲ್ಲ. ಗುದ್ದು ಕಡಿಮೆ ಆದ್ರೆ ಹೊಡೀಬಹುದು ಅಂತ ಫಿಸಿಯೋ. ಅಷ್ಟು ಮೆತ್ತಗಿನ ತೋಟಾ ಕಾಕು ರೈಫಲ್‌ಗೆ ಅಂಗಡೀಲಿ ಸಿಗ್ತಿಲ್ಲ. ಕಾಲಿನ್ ಎರಡೇ ದಾರಿ ಅಂದ್ರಂತೆ, ಒಂದೋ ಪುಸ್ತಕ ನೋಡಿ ಮನೇಲೇ ಮೆತ್ತಗಿನ ತೋಟಾ ಮಾಡ್ಕೊ, ಇಲ್ಲ ರೈಫಲ್ ಮಾರು. ಅಂಕಿತಾ ಫೋನಲ್ಲಿ ‘ಮಮ್, ಜಸ್ಟ್ ಸೆಲ್ ಇಟ್, ಡು ಯೋಗಾ’ ಅಂದ್ಲು. ಕಾಕು ಫೋನ್ ಕಾಕಾನ ಕೈಗೆ ಕೊಟ್ಟು ರೊಟ್ಟಿ ಬಡಿಯೋಕೆ ಹೋದ್ರು, ಆವತ್ತಿನ ರೊಟ್ಟಿ ಪೇಪರ್ ಥರ ತೆಳ್ಳಗಿತ್ತು, ಅಷ್ಟು ಸಿಟ್ಟು.

ಹಾಗಾಗಿ ಈ ಪ್ರೆಸ್ ಜಗಳ. ನನಗೆ ಅರ್ಥ ಆಗಿದ್ದು ಇಷ್ಟು. ಹೊಡೆದ ಮೇಲೆ ಹಿತ್ತಾಳೆ ಚಿಪ್ಪು ಉಳಿಯುತ್ತೆ, ಅದನ್ನ ಬಿಸಾಡಬೇಕಾಗಿಲ್ಲ. ಅದರ ತಳದಲ್ಲಿ ಕಿಡಿ ಕೊಡೋ ಹಳೇ ಕೇಪು ತೆಗೆದು, ಚಿಪ್ಪನ್ನ ಅಳತೆಗೆ ತಂದು, ಹೊಸ ಕೇಪು ಕೂರಿಸಿ, ಅಳೆದು ಮದ್ದು ಹಾಕಿ, ಮೇಲೆ ಗುಂಡು ಒತ್ತಿದ್ರೆ ಮತ್ತೆ ತೋಟಾ. ಸಣ್ಣ ಪ್ರೆಸ್ಸಲ್ಲಿ ಒಂದು ಎಳೆತಕ್ಕೆ ಒಂದೇ ಕೆಲಸ, ಕಣ್ಣಿಟ್ಟು ನೋಡಬಹುದು. ದೊಡ್ಡದರಲ್ಲಿ ಎಲ್ಲಾ ಒಟ್ಟಿಗೆ ತಿರುಗುತ್ತೆ, ಹೊಸಬರಿಗೆ ಎಲ್ಲಿ ತಪ್ಪಾಯ್ತು ಅಂತಾನೇ ಗೊತ್ತಾಗಲ್ಲ. ಕಾಲಿನ್ ಹೇಳಿದ್ದೂ ಇದೇ, ಸಣ್ಣದರಿಂದ ಶುರು ಮಾಡು. ಆದ್ರೆ ಕಾಕಾಗೆ ಗೋಡೌನ್ ಬುದ್ಧಿ, ಎಷ್ಟು ಬೇಗ ಎಷ್ಟು ಬಾಕ್ಸ್ ಅನ್ನೋದೇ ಲೆಕ್ಕ.

ಮಾರನೇ ದಿನ ಮೂರೂ ಜನ ಊರಾಚೆ ಇರೋ ಗನ್ ಶಾಪ್‌ಗೆ ಹೋದ್ವಿ. ಕಾಕಾ ಡ್ರೈವಿಂಗ್, ಕಾಕು ಮುಂದೆ, ನಾನು ಹಿಂದೆ ಅವಲಕ್ಕಿ ಡಬ್ಬಿ ಹಿಡ್ಕೊಂಡು. ಕೌಂಟರ್ ಹಿಂದಿನವನು ನೇರ ಕಾಕಾನ ಮುಖ ನೋಡಿ, ಸರ್, ನೀವು ಯಾವ ರೈಫಲ್ ಹೊಡೀತೀರಿ ಅಂದ.

‘ಐ ಓನ್ಲಿ ಡ್ರೈವ್’ ಅಂದ್ರು ಕಾಕಾ.

ಕಾಕು ಪರ್ಸಿಂದ ರೈಫಲ್ ಲೈಸೆನ್ಸಿನ ಸರ್ಟಿಫಿಕೇಟ್ ತೆಗೆದು ಕೌಂಟರ್ ಮೇಲೆ ಇಟ್ರು. ಅವನು ಅದನ್ನ ನೋಡಿದ, ಕಾಕುನ ನೋಡಿದ, ಮತ್ತೆ ಕಾಕಾಗೇ ಪ್ರೆಸ್ ತೋರಿಸೋಕೆ ಶುರು ಮಾಡಿದ! ಕಾಕಾಗೆ ಖುಷಿಯೋ ಖುಷಿ, ದೊಡ್ಡ ಪ್ರೆಸ್ಸಿನ ಹ್ಯಾಂಡಲ್ ಎಳೆದೂ ಎಳೆದೂ ನೋಡ್ತಿದ್ರು. ‘ನೋಡ ತೃಷಾ, ಬೆಣ್ಣಿಯಂಗ ಇಳೀತೈತಿ!’

‘ಕೇಳವಾ ತಂಗಿ’ ಅಂತ ಕಾಕು ನನ್ನ ಕಿವೀಲಿ ಅಂದ್ರು, ‘ನಾ ಇಲ್ಲಿ ನಿಂತಿದ್ದು ಇವರಿಗೆ ಯಾರಿಗರೆ ಕಾಣ್ಸಾಕತ್ತೈತೋ ಇಲ್ಲೋ?’

ಆಮೇಲೆ ಕಾಕು ಒಂದು ಪ್ರಶ್ನೆ ಕೇಳಿದ್ರು ಇಂಗ್ಲಿಷಲ್ಲಿ, ನಂಗೆ ಅದು ಎಷ್ಟು ಇಷ್ಟ ಆಯ್ತು ಅಂದ್ರೆ. ಮಾಡೋದು ಇರಲಿ, ತಪ್ಪಾದ್ರೆ ಬಿಚ್ಚೋದು ಯಾವುದರಲ್ಲಿ, ಮೊದಲು ಅದನ್ನ ತೋರಿಸು ಅಂದ್ರು. ಜೀವನ ಪೂರ್ತಿ ಹೊಲಿಗೆ ಬಿಚ್ಚಿದವರು ಅಲ್ವಾ. ಕೌಂಟರಿನವನು ಆಗ ಮೊದಲ ಸಲ ಸರಿಯಾಗಿ ಅವರ ಕಡೆ ತಿರುಗಿದ. ಸುತ್ತಿಗೆ ಥರದ್ದೊಂದು ತೋರಿಸಿದ, ತಪ್ಪಾದ ತೋಟಾನ ಅದರೊಳಗಿಟ್ಟು ನೆಲಕ್ಕೆ ಕುಟ್ಟಿದ್ರೆ ಗುಂಡು, ಮದ್ದು ಎಲ್ಲಾ ವಾಪಸ್ ಬೇರೆ ಆಗುತ್ತೆ. ಅದು ಮೊದಲು ಬುಟ್ಟಿಗೆ ಬಿತ್ತು. ಆಮೇಲೆ ಎರಕದ ಕಬ್ಬಿಣದ ಸಣ್ಣ ಪ್ರೆಸ್, ಕಾಕು ರೈಫಲ್ ಅಳತೆಯ ಡೈ ಅನ್ನೋ ಅಚ್ಚು, ಚಿಪ್ಪು ಸಾಲಾಗಿ ನಿಲ್ಲಿಸೋ ಟ್ರೇ, ಅಳೆಯೋಕೆ ಕ್ಯಾಲಿಪರ್, ದಪ್ಪ ಪುಸ್ತಕ. ತಕ್ಕಡಿ ಹತ್ರ ಮತ್ತೆ ಜಗಳ. ಕಾಕಾಗೆ ಲೈಟ್ ಬರೋ ಡಿಜಿಟಲ್ಲೇ ಬೇಕು. ಕಾಕು ಕಡ್ಡಿ ಮೇಲೆ ಬಟ್ಟಲು ತೂಗೋ ಹಳೇ ಥರದ್ದು ತಗೊಂಡ್ರು. ‘ಬ್ಯಾಟರಿ ಇಳದ್ರ ಅದು ಏನ ಹೇಳತೈತೋ ಯಾರಿಗ್ಗೊತ್ತು? ಇದು ಕಣ್ಣಿಗೆ ಕಾಣ್ತೈತಿ.’

‘ಮ್ಯೂಸಿಯಮ್ಮಿಗೆ ಇಡಾಕ ಛಲೋ ಐತಿ’ ಅಂದ್ರು ಕಾಕಾ.

‘ನಿಮ್ಮನ್ನೂ ಪಕ್ಕದಾಗ ಇಡ್ತೀನಿ, ಬರ್ರಿ.’

ಇಷ್ಟಕ್ಕೇ ಮುಗೀತು ಅನ್ಕೊಂಡೆ. ಎಲ್ಲಿ! ಆ ವಾರವೇ ಕಾಕಾ ಗ್ರೀನ್‌ಫರ್ಡಲ್ಲಿ ಯಾರೋ ಮಾರ್ತಿದ್ದ ಹಳೇ ದೊಡ್ಡ ಪ್ರೆಸ್ ತಂದು ಹಾಲ್‌ನಲ್ಲಿ ಕಾರ್ಪೆಟ್ ಮೇಲೆ ಬಿಚ್ಚಿ ಮತ್ತೆ ಜೋಡಿಸ್ತಾ ಕೂತಿದ್ರು. ಕಾಕು ಕೈ ಸೊಂಟಕ್ಕಿಟ್ಟು ನಿಂತಿದ್ರು, ನಾನು ಬಾಗಿಲಲ್ಲೇ ಶೂ ಬಿಚ್ಚದೆ ನಿಂತೆ, ಒಳಗೆ ಹೋಗೋ ಧೈರ್ಯ ಬರ್ಲಿಲ್ಲ.

‘ಜೋಡ್ಸಿದೆ ನೋಡು. ತಯಾರ!’ ಅಂದ್ರು ಕಾಕಾ.

‘ಮತ್ತ ಈ ಸ್ಪ್ರಿಂಗ್ ಎಲ್ಲೀದು?’

‘ಎಕ್ಸ್‌ಟ್ರಾ ಕೊಟ್ಟಿರಬೇಕು ಪಾಪ, ಛಲೋ ಮನಷ್ಯಾ.’

‘ಈ ನಟ್ಟು?’

‘ಅದೂ.’

ಕಾಕು ಆ ಪ್ರೆಸ್ ಮೇಲೆ ಇಸ್ತ್ರಿ ಮಾಡೋ ಬಟ್ಟೆ ರಾಶಿ ಹಾಕಿ ಮೇಲೆ ಹೋದ್ರು. ಮೇಲೆ ಚಿಕ್ಕ ರೂಮಲ್ಲಿ ಗಟ್ಟಿ ಹಲಗೆಯ ಮೇಜು, ಅದಕ್ಕೆ ಸಣ್ಣ ಪ್ರೆಸ್ ಬಿಗಿದಿದ್ರು. ಒಂದು ವಾರ ಮದ್ದಿಲ್ಲದೆ ಬರೀ ಚಿಪ್ಪು, ಗುಂಡು ಇಟ್ಟು ಕೈ ಪಳಗಿಸ್ಕೊಂಡ್ರು, ಪುಸ್ತಕ ಓದಿದ್ರು, ಕಾಲಿನ್ ಬಂದು ನೋಡಿ ಸರಿ ಇದೆ ಅಂದ್ರು. ಬಾಕಿ ಇದ್ದಿದ್ದು ನಿಜವಾದ ಮೊದಲ ತೋಟಾ ಮಾಡೋದು, ಅಷ್ಟೇ. ಅದನ್ನ ದಸರಾ ರಜೆ ಮುಗಿಸಿ ಮಾಡೋಣ ಅಂದ್ರು ಕಾಕು. ಲಂಡನ್ನಲ್ಲಿ ದಸರಾಕ್ಕೆ ಎಲ್ಲಿ ರಜೆ, ಆದ್ರೂ ಅವರ ಬಾಯಲ್ಲಿ ಇನ್ನೂ ದಸರಾ ರಜೆನೇ!

ಖಂಡೇನವಮಿ, ಅಂದ್ರೆ ಆಯುಧಪೂಜೆ ದಿನ ಅವರ ಮನೇಲಿ ಪೂಜೆ ಯಾವಾಗಲೂ ಜೋರು. ಆಯುಧ ಅಂದ್ರೆ ಕಾಕಾಗೆ ಮನೇಲಿರೋ ಎಲ್ಲವೂ. ಕಾರು, ಹೊಲಿಗೆ ಮಷೀನು, ಮಿಕ್ಸರ್, ಬಾಯ್ಲರ್, ವೈಫೈ ಡಬ್ಬಿಗೂ ಹೂವು. ಈ ಸಲ ಕಾಕು ಮೊದಲೇ ಎಚ್ಚರಿಸಿದ್ರು, ಮದ್ದು, ಕೇಪು ಎಲ್ಲಾ ಬೀಗದಲ್ಲಿಟ್ಟು ಕೀಲಿ ಬ್ಲೌಸಲ್ಲಿ ಸೇರಿಸಿ, ‘ಮ್ಯಾಲಿನ ಖೋಲ್ಯಾಗ ದೀಪಾನೂ ಬ್ಯಾಡ, ಊದಿನಕಡ್ಡೀನೂ ಬ್ಯಾಡ, ನೀವೂ ಬ್ಯಾಡ’ ಅಂತ ಹೇಳಿ ಗುಡಿಗೆ ಹೋದ್ರು. ಕಾಕಾ ದೀಪ ಹಚ್ಚಲಿಲ್ಲ, ಊದಿನಕಡ್ಡೀನೂ ಹಚ್ಚಲಿಲ್ಲ. ಕಾಕು ವಾಪಸ್ ಬಂದಾಗ ಪ್ರೆಸ್ಸಿಗೆ ಚೆಂಡುಹೂವಿನ ಮಾಲೆ, ಹ್ಯಾಂಡಲ್ ಮೇಲೆ ದಪ್ಪಗೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ. ನನಗಂತೂ ಕ್ಯೂಟ್ ಅನ್ನಿಸ್ತು, ಫೋಟೋನೂ ತೆಗೆದೆ. ಕಾಕು ಒದ್ದೆ ಬಟ್ಟೆ ತಂದು ಎಲ್ಲಾ ಒರೆಸಿದ್ರು, ಬಯ್ಯುತ್ತಾ ಒರೆಸಿದ್ರು, ಒರೆಸ್ತಾ ಬಯ್ದರು.

ದಸರಾ ಮುಗಿದ ಮಾರನೇ ದಿನ ಮಧ್ಯಾಹ್ನ ನಿಜವಾದ ಕೆಲಸ ಶುರು. ಕಾಕು ಕನ್ನಡಕ ಹಾಕ್ಕೊಂಡು ತಕ್ಕಡಿನ ಸೊನ್ನೆಗೆ ತಂದ್ರು. ಜೊತೇಲಿ ಬಂದ ಪರೀಕ್ಷೆ ತೂಕದ ಬಿಲ್ಲೆ ಇಟ್ರು, ಸರಿ ತೋರಿಸ್ತು. ತೆಗೆದ್ರು. ಬಟ್ಟಲು ಎತ್ತಿ ವಾಪಸ್ ಇಟ್ರೆ ಸೊನ್ನೆ ಇಲ್ಲ, ಒಂಚೂರು ಆಕಡೆ. ಮತ್ತೆ ಸರಿ ಮಾಡಿದ್ರು. ಬಿಲ್ಲೆ ಇಟ್ರು, ತೆಗೆದ್ರು, ಮತ್ತೆ ಬೇರೆ. ಕಿಟಕಿ ಮುಚ್ಚಿಸಿದ್ರು. ಹೀಟರ್ ಆರಿಸಿದ್ರು. ‘ತೃಷಾ, ಉಸುರ ಹಿಡಕೊ’ ಅಂದ್ರು, ನಾನು ಹಿಡ್ಕೊಂಡೆ, ನಿಜವಾಗ್ಲೂ ಹಿಡ್ಕೊಂಡೆ, ಮುಖ ಕೆಂಪಾಯ್ತು, ತಕ್ಕಡಿ ಮಾತ್ರ ಒಂದು ಕಡೆ ನಿಲ್ಲಲಿಲ್ಲ.

ಕೆಳಗಿಂದ ಕಾಕಾ, ‘ಡಿಜಿಟಲ್ ತಗೋ ಅಂದೆ, ನನ್ನ ಮಾತ ಕೇಳಲಿಲ್ಲ!’

‘ಈಗ ಬಾಯಿ ಮುಚಗೊಂಡ ಕೂಡ್ರತೀರೇನು!’

ಅಂಗಡಿಗೆ ಫೋನ್ ಮಾಡಿದ್ವಿ, ವಾಪಸ್ ತನ್ನಿ ಅಂದ್ರು ಅವರು. ಕಾಕು ಮತ್ತೊಮ್ಮೆ ಪ್ರಯತ್ನಿಸಿದ್ರು, ಊಹೂಂ. ತೂಕ ನಂಬೋಕೆ ಆಗದಿದ್ರೆ ಒಂದು ಕಾಳು ಮದ್ದೂ ಹಾಕಲ್ಲ ಅಂತ ಕಾಲಿನ್‌ಗೆ ಮಾತು ಕೊಟ್ಟಿದ್ರಲ್ಲ. ಕಾಕು ಕುರ್ಚಿ ಹಿಂದಕ್ಕೆ ತಳ್ಳಿ ಕೈ ಮಡಚಿ ಕೂತ್ರು.

‘ತಕ್ಕಡಿದಲ್ಲ ತಂಗಿ ತಪ್ಪು’ ಅಂದ್ರು. ‘ನನ್ನ ಕೈ ನಡಗ್ತಾವ ಕಾಣ್ತೈತಿ. ಭುಜಾ ಹೋತು, ಈಗ ಕೈನೂ ಹೋತು. ಕಾಲಿನ್ನಗ ಫೋನ್ ಹಚ್ಚು. ರೈಫಲ್ ಯಾರಿಗರೆ ಬೇಕೇನು ಕೇಳೂಣು.’

ನಾನು ಫೋನ್ ಹಿಡ್ಕೊಂಡು ಏನ್ ಮಾಡೋದು ಅಂತ ಗೊತ್ತಾಗದೆ ಅವರ ಮುಖ ನೋಡಿದೆ. ಮೂಗಿನ ತುದೀಲಿ ಬೆಳ್ಳಗೆ ಏನೋ.

‘ಕಾಕು, ನಿಮ್ಮ ಮೂಗಿಗೆ ವಿಭೂತಿ.’

‘ನಾ ಇವತ್ತ ಹಚಗೊಂಡಿಲ್ಲಲಾ’ ಅಂತ ಒರೆಸ್ಕೊಂಡ್ರು. ಒರೆಸಿದ್ದಕ್ಕೆ ಕೆನ್ನೆಗೂ ಆಯ್ತು. ಬೆರಳು ನೋಡ್ಕೊಂಡ್ರು. ಮೇಜು ನೋಡಿದ್ರು. ತಕ್ಕಡಿ ಬಟ್ಟಲು ಮೆಲ್ಲಗೆ ಎತ್ತಿ ತಲೆಕೆಳಗೆ ತಿರುಗಿಸಿದ್ರು.

ಬಟ್ಟಲಿನ ತಳದಲ್ಲಿ ಮೂರು ಗೆರೆ. ಒದ್ದೆ ವಿಭೂತಿ ಬಳಿದಿದ್ದು ಒಣಗಿ ಬಿರುಕು ಬಿಟ್ಟಿತ್ತು, ಎತ್ತಿದಾಗೆಲ್ಲ ಒಂದೊಂದು ಪುಡಿ ಉದುರ್ತಿತ್ತು, ಬೆರಳಿಗೆ ಅಂಟ್ತಿತ್ತು, ಹಾಗಾಗಿ ಬಟ್ಟಲೇ ಹಗುರ ಆಗ್ತಾ ಹೋಗ್ತಿತ್ತು! ನಾನು ಕೂಗಿಬಿಟ್ಟೆ, ಖುಷಿಗೆ.

‘ಏನ್ರೀ!’

ಕಾಕಾ ಹತ್ತಿ ಬಂದು ಮೇಲಿನ ಮೆಟ್ಟಿಲಲ್ಲೇ ನಿಂತ್ರು, ಬಟ್ಟಲು ನೋಡಿದ ಕೂಡ್ಲೇ ಒಂದು ಮೆಟ್ಟಿಲು ವಾಪಸ್ ಇಳಿದ್ರು.

‘ಮ್ಯಾಲ ಹಚ್ಚಿದ್ರ ನೀ ಬೈತಿ ಅಂತ ಕೆಳಗ ಹಚ್ಚಿದೆ.’

‘ದೇವರು ತಳಾ ನೋಡ್ತಾನೇನ್ರೀ?’

‘ದೇವರು ಎಲ್ಲಾ ಕಡೆ ನೋಡ್ತಾನ. ನೀ ನೋಡೂದಿಲ್ಲ ಅಂತ ತಿಳದಿದ್ದೆ. ಮತ್ತ ನಿನ್ನ ಭುಜಕ್ಕಂತನ ಹಚ್ಚಿದ್ದು, ಸುಮ್ನ ಹಚ್ಚಿದ್ದಲ್ಲ.’

ಕಾಕು ಬಟ್ಟಲು ಹಿಡ್ಕೊಂಡು ಬಾತ್‌ರೂಮಿಗೆ ಹೋದ್ರು. ತೊಳೆದು, ಒರೆಸಿ, ಪೂರ್ತಿ ಆರೋವರೆಗೆ ಕಾದು ಮತ್ತೆ ಇಟ್ರು. ಸೊನ್ನೆ. ಬಿಲ್ಲೆ ಇಟ್ರು, ಸರಿ. ತೆಗೆದ್ರು, ಸೊನ್ನೆ. ಇಟ್ರು, ತೆಗೆದ್ರು, ಇಟ್ರು, ತೆಗೆದ್ರು, ಕಡ್ಡಿ ಅದೇ ಗೆರೆಗೇ ಬಂದು ನಿಲ್ತು. ಕಾಕು ತಮ್ಮ ಎರಡೂ ಕೈ ಮುಂದೆ ಚಾಚಿ ನೋಡ್ಕೊಂಡ್ರು. ನಡುಗ್ತಾ ಇರ್ಲಿಲ್ಲ.

ಆಮೇಲೆ ಬೀಗ ತೆಗೆದು ಮದ್ದು ತಂದ್ರು. ಪುಸ್ತಕದಲ್ಲಿ ಎಲ್ಲಕ್ಕಿಂತ ಕಡಿಮೆ ಅಂತ ಬರೆದ ತೂಕ, ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆನೂ ಇಲ್ಲ. ಎಲ್ಲಾ ಚಿಪ್ಪೂ ಟ್ರೇನಲ್ಲಿ ನಿಂತ ಮೇಲೆ ಟಾರ್ಚ್ ಬಿಟ್ಟು ಒಂದೊಂದರ ಒಳಗೂ ನೋಡಿದ್ರು, ನನ್ನ ಕೈಲೂ ನೋಡಿಸಿದ್ರು, ಆಮೇಲೇ ಗುಂಡು ಒತ್ತಿದ್ದು. ಕಾಕಾಗೆ ಮೇಲೆ ಪ್ರವೇಶ ಇಲ್ಲ, ಮೆಟ್ಟಿಲ ಮೇಲೆ ಕೂತು ಪ್ರತಿ ಎಳೆತಕ್ಕೂ ‘ಆತೇನು?’ ‘ಈಗರೆ ಆತೇನು?’

‘ಆದ್ರ ನಾನ ಹೇಳ್ತೀನಿ!’

‘ದೊಡ್ಡ ಪ್ರೆಸ್ಸಾಗಿದ್ರ ಇಷ್ಟೊತ್ತಿಗೆ ಚಹಾ ಕುಡಿತಿದ್ವಿ.’

‘ನೀವು ಹೋಗಿ ಮಾಡ್ರಿ ಚಹಾ. ಅದಕ್ಕೇನ ಪ್ರೆಸ್ ಬೇಕಾಗಿಲ್ಲ.’

ಭಾನುವಾರ ಕ್ಲಬ್. ನಾನು ನೋಡೋಕೆ ಮಾತ್ರ, ಗಾಜಿನ ಈಚೆ, ಕಿವಿಗೆ ಮುಚ್ಚಗಿ ಹಾಕ್ಕೊಂಡು. ಕಾಲಿನ್ ಎತ್ತರದ ಮುದುಕ, ಕಾರ್ಡಿಗನ್ ಕಾಕು ಹಾಕೋ ಥರದ್ದೇ, ಒಂದೊಂದು ತೋಟಾನೂ ಕ್ಯಾಲಿಪರಲ್ಲಿ ಅಳೆದು ತಲೆ ಆಡಿಸಿದ್ರು. ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿ, ತುರುಬಿನ ಮೇಲಿಂದ ಮುಚ್ಚಗಿ ಹಾಕ್ಕೊಂಡು ರೈಫಲ್ ಭುಜಕ್ಕಿಟ್ರು. ನನ್ನ ಪಕ್ಕ ಕಾಕಾ ಗಾಜಿಗೆ ಇನ್ನೂ ಹತ್ರ ಸರಿದ್ರು.

ಒಂದು ಹೊಡೆದ್ರು. ನಿಂತ್ರು. ಭುಜ ಒಂದು ಸುತ್ತು ತಿರುಗಿಸಿದ್ರು, ಮೆಲ್ಲಗೆ, ಮತ್ತೊಂದು ಸುತ್ತು. ಕಾಲಿನ್ ಕಾಯ್ತಾ ಇದ್ರು. ಕಾಕು ನಮ್ಮ ಕಡೆ ತಿರುಗಿ ಕೈ ತಲೆ ಮೇಲಕ್ಕೆ ಎತ್ತಿದ್ರು, ಪೂರ್ತಿ, ನೇರಕ್ಕೆ! ಕಾಕಾ ಗಾಜಿಗೆ ಮೂಗು ಒತ್ತಿಬಿಟ್ಟಿದ್ರು. ಉಳಿದದ್ದನ್ನೂ ಒಂದೊಂದಾಗಿ ಹೊಡೆದ್ರು, ರೈಫಲ್‌ನ ಲಿವರ್ ಎಳೆಯೋದು, ಹೊಡೆಯೋದು, ಮುಖ ಮಾತ್ರ ಬರ್ತಾ ಬರ್ತಾ ಗಂಟು. ಯಾಕೆ ಅಂತ ಗುರಿ ಕಾರ್ಡ್ ವಾಪಸ್ ಬಂದಾಗ ಗೊತ್ತಾಯ್ತು, ತೂತೆಲ್ಲಾ ಕೆಳಗಿನ ಅಂಚಲ್ಲಿ, ಕಪ್ಪು ವೃತ್ತದಲ್ಲಿ ಒಂದೂ ಇಲ್ಲ. ಚಿಪ್ಪುಗಳ ಮೈಗೆಲ್ಲಾ ಮಸಿ.

‘ಭುಜಾ ನೋಯಲಾರದ ದಿನಾ ಗುರಿ ಇಲ್ಲ’ ಅಂದ್ರು ಕಾಕು ಹೊರಗೆ ಬಂದು, ಕನ್ನಡಕ ಒರೆಸ್ತಾ. ‘ಇದೂ ಒಂದು ನಾಟಕಾ ನೋಡು.’

ಕಾಲಿನ್ ಮಾತ್ರ ನಗ್ತಾ ಇದ್ರು. ಮೊದಲ ಸಲಕ್ಕೆ ಹೀಗೇ ಆಗೋದು, ಮಸಿ ಅಂದ್ರೆ ಸ್ವಲ್ಪ ಜಾಸ್ತಿನೇ ಮೆತ್ತಗಾಗಿದೆ ಅಂತ, ಪುಸ್ತಕದಲ್ಲಿ ಮುಂದಿನ ಸಾಲಿನ, ಒಂಚೂರು ಹೆಚ್ಚಿನ ತೂಕ ನೋಡಿ ಹತ್ತು ಮಾತ್ರ ಮಾಡ್ಕೊಂಡು ಬಾ, ಭುಜ ಒಪ್ಪಿದ್ರೆ ರೈಫಲ್ ಮೇಲಿನ ಗುರಿ ನೋಡೋ ಸೈಟ್ ತಿರುಗಿಸೋಣ ಅಂದ್ರು. ರೈಫಲ್ ಮಾರೋ ಮಾತು ಅವರೂ ತೆಗೀಲಿಲ್ಲ, ಕಾಕುನೂ ತೆಗೀಲಿಲ್ಲ. ಮುಂದಿನ ಭಾನುವಾರ ಇದೇ ಹೊತ್ತಿಗೆ ಇದೇ ಜಾಗ ನಂಗೇ ಇಡು ಅಂತ ಕಾಲಿನ್‌ಗೆ ಎರಡು ಸಲ ಹೇಳಿದ್ರು.

ಕಾರಲ್ಲಿ ಕಾಕಾ, ‘ಹತ್ತ ಅಂದ್ರ ದೊಡ್ಡ ಪ್ರೆಸ್ಸಿನ್ಯಾಗ...’ ಅಂತ ಶುರು ಮಾಡಿದ್ರು.

ಕಾಕು ಹಿಂದಕ್ಕೆ ತಿರುಗಿ ನನ್ನ ನೋಡಿದ್ರು. ‘ತೃಷಾ, ಶನಿವಾರ ಮುಂಜಾನೆ ಬಂದ ಬಿಡು. ರೊಟ್ಟಿ ತಿನ್ನು, ಆಮ್ಯಾಲ ಇವರನ್ನ ಕರಕೊಂಡ ಬ್ರೆಂಟ್ ಕ್ರಾಸ್ ಮಾಲ್‌ಗೆ ಹೋಗು. ಚಪ್ಲಿ ತಗೋರಿ, ಸಿನೆಮಾ ನೋಡ್ರಿ, ಏನರೆ ಮಾಡ್ರಿ. ನಾ ಫೋನ್ ಮಾಡೂತನಕಾ ತಿರಗಿ ಬರಬ್ಯಾಡ್ರಿ.’

ಬರ್ತೀನಿ ಅಂದೆ. ಕಾಕಾಗೆ ಯಾವ ಸಿನಿಮಾ ಅಂತ ಈಗಲೇ ನೋಡ್ತಾ ಇದ್ದೀನಿ, ಉದ್ದದ್ದೇ ಇರಬೇಕು, ಕನಿಷ್ಠ ಮೂರು ಗಂಟೆದು.